ಜೆನರೇಟಿವ್ ಎಐ ಸಂಶೋಧನೆ ಹಸಿಬಿಸಿ ಇರುವಾಗಲೇ ಹುಡುಕುವುದು ಹೇಗೆ?

ಹೋದ ವರ್ಷ ಕೊನೇ ಸೆಮಿಸ್ಟರ್‌ನ ಹುಡುಗಿಯೊಬ್ಬಳು ಪ್ರಾಜೆಕ್ಟ್‌ಗೆ ವಿಷಯ ಕೇಳಿಕೊಂಡು ಬಂದಳು. "ಸರ್, ಚಾಟ್‌ಬಾಟ್ ಹತ್ರ ಇಂಗ್ಲಿಷಲ್ಲಿ ಎಷ್ಟು ಹೊತ್ತಾದ್ರೂ ಮಾತಾಡಬಹುದು. ಕನ್ನಡದಲ್ಲಿ ಕೇಳಿದ್ರೆ ಬೇಗ ಲಿಮಿಟ್ ಮುಗಿಯುತ್ತೆ. ಯಾಕೆ ಸರ್?" ಒಳ್ಳೇ ಪ್ರಶ್ನೆ. ಇದರ ಮೇಲೆ ಯಾರಾದರೂ ಕೆಲಸ ಮಾಡಿದ್ದಾರಾ ನೋಡಮ್ಮ ಅಂದೆ. ಎರಡು ದಿನ ಬಿಟ್ಟು ಬಂದು "ಏನೂ ಸಿಗಲಿಲ್ಲ ಸರ್" ಅಂದಳು.

ಸಿಗದೇ ಇರುವಂಥದ್ದಲ್ಲ ಅದು. 2023ರ ಮೇ ತಿಂಗಳೊಂದರಲ್ಲೇ ಎರಡು ಬೇರೆ ಬೇರೆ ತಂಡಗಳು ಇದೇ ಪ್ರಶ್ನೆ ಹಿಡಿದು ಪೇಪರ್ ಹಾಕಿದ್ದವು. ಅವಳು ಹುಡುಕಿದ ಜಾಗವೂ ಸರಿ ಇರಲಿಲ್ಲ, ಟೈಪ್ ಮಾಡಿದ ಪದವೂ ಸರಿ ಇರಲಿಲ್ಲ. ಅವಳ ಜೊತೆ ಕೂತು ಹುಡುಕಿದ ದಾರಿಯನ್ನೇ ಇಲ್ಲಿ ಬರೆಯುತ್ತಿದ್ದೇನೆ. ನಿಮ್ಮ ಪ್ರಶ್ನೆ ಬೇರೆ ಇರಬಹುದು, ದಾರಿ ಹೆಚ್ಚುಕಮ್ಮಿ ಇದೇ.

ಶುರು ಮಾಡುವ ಮೊದಲು ಒಂದು ಮಾತು. ಕೇಳಿದ ಕೂಡಲೇ ಪಠ್ಯ, ಚಿತ್ರ ಹುಟ್ಟಿಸಿ ಕೊಡುವ ಈ ಜೆನರೇಟಿವ್ ಎಐ ಕ್ಷೇತ್ರದಲ್ಲಿ ಜರ್ನಲ್‌ಗೆ ಕಾದು ಕೂತರೆ ಬಸ್ಸು ಹೋಗಿರುತ್ತದೆ. ಸಂಶೋಧಕರು ಪೇಪರ್ ಬರೆದ ತಕ್ಷಣ ಇಂಟರ್ನೆಟ್‌ಗೆ ಹಾಕುತ್ತಾರೆ, ಬೇರೆ ಪರಿಣತರ ತಪಾಸಣೆ ಆಮೇಲೆ. ಹೀಗೆ ಮೊದಲೇ ಹಾಕಿದ್ದಕ್ಕೆ ಪ್ರಿಪ್ರಿಂಟ್ ಅನ್ನುತ್ತಾರೆ. ಇವತ್ತಿನ ಹೆಚ್ಚುಕಮ್ಮಿ ಎಲ್ಲ ಚಾಟ್‌ಬಾಟ್‌ಗಳಿಗೆ ಮೂಲವಾಗಿರುವ ಟ್ರಾನ್ಸ್‌ಫಾರ್ಮರ್ ಪೇಪರ್ ಪ್ರಿಪ್ರಿಂಟ್ ಆಗಿ ಬಂದದ್ದು 2017ರ ಜೂನ್‌ನಲ್ಲಿ. ಸಮ್ಮೇಳನದಲ್ಲಿ ಮಂಡನೆಯಾದದ್ದು ಡಿಸೆಂಬರ್‌ನಲ್ಲಿ. ಆ ಆರು ತಿಂಗಳು ಮೊದಲೇ ಓದಿದವರಿಗೂ ಆಮೇಲೆ ಓದಿದವರಿಗೂ ಎಷ್ಟು ಅಂತರ ಅಲ್ವಾ?

ಹೆಜ್ಜೆ 1: ಮೊದಲು ಪದ ಹುಡುಕಿ, ಪೇಪರ್ ಆಮೇಲೆ

ಅವಳು ಟೈಪ್ ಮಾಡಿದ್ದು "ಕನ್ನಡ ಜೆನರೇಟಿವ್ ಎಐ" ಅಂತ. ಬಂದದ್ದು ಕೈಬರಹ ಗುರುತಿಸುವ ಪೇಪರ್‌ಗಳು, 2019ರ ಕನ್ನಡ ಎಂನಿಸ್ಟ್ ಎಂಬ ಕೈಬರಹದ ಅಂಕಿಗಳ ಡೇಟಾಸೆಟ್, ಇಂಥವೇ. ತೊಂದರೆ ಏನೆಂದರೆ "ಜೆನರೇಟಿವ್ ಎಐ" ಅನ್ನುವುದು ಪತ್ರಿಕೆಯವರ ಪದ. ಲ್ಯಾಬಿನಲ್ಲಿ ಕೆಲಸ ಮಾಡುವವರು ತಮ್ಮ ಪೇಪರಿನ ಶೀರ್ಷಿಕೆಯಲ್ಲಿ ಅದನ್ನು ಬರೆಯುವುದು ಕಡಿಮೆ. ಅವರು ಲಾರ್ಜ್ ಲ್ಯಾಂಗ್ವೇಜ್ ಮಾಡೆಲ್, ಡಿಫ್ಯೂಷನ್ ಮಾಡೆಲ್, ಟೆಕ್ಸ್ಟ್ ಟು ಇಮೇಜ್, ಇನ್‌ಸ್ಟ್ರಕ್ಷನ್ ಟ್ಯೂನಿಂಗ್ ಅಂತ ಬರೆಯುತ್ತಾರೆ. ಅರ್ಥಶಾಸ್ತ್ರದವರು, ಶಿಕ್ಷಣದವರು ಮಾತ್ರ "ಜೆನರೇಟಿವ್ ಎಐ" ಅಂತಲೇ ಬರೆಯುವುದು ಜಾಸ್ತಿ.

ನಮ್ಮ ಪ್ರಶ್ನೆಯನ್ನೇ ಒಡೆದು ನೋಡೋಣ. ಚಾಟ್‌ಬಾಟ್‌ನ ಒಳಗಿರುವ ಮಾದರಿ, ಅಂದರೆ ಮಾಡೆಲ್, ನಾವು ಕೊಟ್ಟ ಪಠ್ಯವನ್ನು ಓದುವಾಗ ತುಂಡು ತುಂಡು ಮಾಡಿಕೊಳ್ಳುತ್ತದೆ. ಆ ತುಂಡಿಗೆ ಟೋಕನ್ ಅಂತ ಹೆಸರು, ಲಿಮಿಟ್ಟೂ ಬಿಲ್ಲೂ ಲೆಕ್ಕವಾಗುವುದು ಟೋಕನ್‌ಗಳಲ್ಲಿ. ತುಂಡು ಮಾಡುವ ಯಂತ್ರ ಟೋಕನೈಜರ್. ಇಂಗ್ಲಿಷ್ ಲಿಪಿಯ ಒಂದು ಅಕ್ಷರಕ್ಕೆ ಕಂಪ್ಯೂಟರ್‌ನಲ್ಲಿ ಒಂದು ಬೈಟ್ ಸಾಕು. ನಮ್ಮ ಲಿಪಿಯ ಪ್ರತಿ ಚಿಹ್ನೆಗೂ ಯುಟಿಎಫ್-8ರಲ್ಲಿ ಮೂರು ಬೈಟ್ ಬೇಕು. "ಕನ್ನಡ" ಅನ್ನುವ ಪದವನ್ನೇ ಬಿಡಿಸಿ: ಕ, ನ, ಒತ್ತಕ್ಷರ ಕೂಡಿಸುವ ಹಲಂತ, ಮತ್ತೊಂದು ನ, ಡ. ಐದು ಚಿಹ್ನೆ, ಹದಿನೈದು ಬೈಟ್. ಅದೇ ಪದವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದರೆ ಏಳು. ಟೋಕನೈಜರ್ ಕನ್ನಡವನ್ನು ಜಾಸ್ತಿ ನೋಡಿಲ್ಲದಿದ್ದರೆ ಪದವನ್ನು ಚೂರುಚೂರು ಮಾಡಿಬಿಡುತ್ತದೆ.

ಒಂದು ಪದಕ್ಕೆ ಸರಾಸರಿ ಎಷ್ಟು ಟೋಕನ್ ಬೇಕು ಅನ್ನುವುದಕ್ಕೆ ಈ ಕ್ಷೇತ್ರದಲ್ಲಿ ಒಂದು ಹೆಸರಿದೆ: ಫರ್ಟಿಲಿಟಿ. ಯಾರಿಗಾದರೂ ಹೊಳೆಯುವ ಪದವೇ ಇದು? ನನಗೂ ಮೊದಲು ನಗು ಬಂದಿತ್ತು. ಆದರೆ ಟೋಕನೈಜರ್, ಮಲ್ಟಿಲಿಂಗ್ವಲ್, ಲೋ-ರಿಸೋರ್ಸ್ (ಕಂಪ್ಯೂಟರ್‌ಗೆ ಸಿಗುವ ಪಠ್ಯ ಕಡಿಮೆ ಇರುವ ಭಾಷೆ), ಫರ್ಟಿಲಿಟಿ ಈ ನಾಲ್ಕು ಪದ ಸಿಕ್ಕಿದ ಮೇಲೆ ಹುಡುಕಾಟ ಹತ್ತು ನಿಮಿಷದ ಕೆಲಸವಾಯಿತು.

ಪದ ಸಿಗುವುದು ಹೇಗೆ? ವಿಷಯಕ್ಕೆ ಸ್ವಲ್ಪ ಹತ್ತಿರದ ಯಾವುದಾದರೂ ಒಂದು ಪೇಪರ್ ತೆರೆಯಿರಿ. ಅದರ ಪೀಠಿಕೆಯ ಎರಡನೇ, ಮೂರನೇ ಪ್ಯಾರಾ ಮತ್ತು "ರಿಲೇಟೆಡ್ ವರ್ಕ್" ಭಾಗ ಓದಿ, ಮತ್ತೆಮತ್ತೆ ಬರುವ ಪದಗಳನ್ನು ಹಾಳೆಯಲ್ಲಿ ಬರೆದುಕೊಳ್ಳಿ. ಚಾಟ್‌ಬಾಟ್‌ನ್ನೂ ಕೇಳಬಹುದು. ಆದರೆ ಪದಗಳನ್ನು ಮಾತ್ರ ಕೇಳಿ, ಪೇಪರ್ ಪಟ್ಟಿ ಕೇಳಬೇಡಿ. ಇಲ್ಲದ ಪೇಪರಿಗೆ ಇರುವ ಲೇಖಕರ ಹೆಸರು ಅಂಟಿಸಿ ಕೊಡುವ ಚಾಳಿ ಅವಕ್ಕಿದೆ. ಕೊಟ್ಟರೂ ಪ್ರತಿಯೊಂದನ್ನೂ ಮೂಲ ತಾಣದಲ್ಲಿ ತೆರೆದು ನೋಡದೆ ಮುಂದೆ ಹೋಗಬೇಡಿ.

ಹೆಜ್ಜೆ 2: ಆರ್ಕೈವ್ ಓದುವ ರೂಢಿ

ಪ್ರಿಪ್ರಿಂಟ್‌ಗಳ ದೊಡ್ಡ ಸಂತೆ ಆರ್ಕೈವ್. ಸ್ಪೆಲಿಂಗ್ ಎ-ಆರ್-ಎಕ್ಸ್-ಐ-ವಿ, ನಡುವಿನ ಎಕ್ಸ್ ಗ್ರೀಕ್‌ನ "ಕೈ" ಅಕ್ಷರ, ಅದಕ್ಕೇ ಹೇಳುವುದು ಆರ್ಕೈವ್ ಅಂತ. ಭೌತಶಾಸ್ತ್ರಜ್ಞ ಪಾಲ್ ಗಿನ್ಸ್‌ಪರ್ಗ್ 1991ರಲ್ಲಿ ಲಾಸ್ ಅಲಮೋಸ್‌ನಲ್ಲಿ ಶುರು ಮಾಡಿದ್ದು. 2001ರಲ್ಲಿ ಅದು ಕಾರ್ನೆಲ್ ವಿಶ್ವವಿದ್ಯಾಲಯಕ್ಕೆ ಹೋಯಿತು. ಈಗ ತಿಂಗಳಿಗೆ 20 ಸಾವಿರಕ್ಕೂ ಹೆಚ್ಚು ಪೇಪರ್ ಬಂದು ಬೀಳುತ್ತವೆ. ಓದಲು ದುಡ್ಡು ಬೇಡ, ಲಾಗಿನ್ ಬೇಡ.

ಅಷ್ಟನ್ನೂ ನೋಡಲು ಹೋದರೆ ತಲೆ ಕೆಡುತ್ತದೆ. ವಿಭಾಗ ಹಿಡಿದು ಹೋಗಿ. ಹೆಸರಿನ ಮುಂದಿನ ಸಿಎಸ್ ಅಂದರೆ ಕಂಪ್ಯೂಟರ್ ಸೈನ್ಸ್. ಭಾಷೆಗೆ ಸಂಬಂಧಿಸಿದ್ದು ಸಿಎಸ್.ಸಿಎಲ್, ಚಿತ್ರ ಮತ್ತು ವಿಡಿಯೊ ಸಿಎಸ್.ಸಿವಿ, ಕಲಿಕೆಯ ವಿಧಾನಗಳು ಸಿಎಸ್.ಎಲ್‌ಜಿ, ದನಿ ಮತ್ತು ಸಂಗೀತ ಸಿಎಸ್.ಎಸ್‌ಡಿ, ಸಮಾಜದ ಮೇಲಿನ ಪರಿಣಾಮ ಸಿಎಸ್.ಸಿವೈ, ಜನ ಇದನ್ನು ಬಳಸುವ ರೀತಿ ಸಿಎಸ್.ಎಚ್‌ಸಿ. ಹೊಸಬರಿಗೆ ಒಂದೇ ವಿಭಾಗ ಸಾಕು.

ಹೊಸ ಪಟ್ಟಿ ಅಮೆರಿಕದ ಪೂರ್ವ ಕರಾವಳಿಯ ಸಮಯ ರಾತ್ರಿ ಎಂಟಕ್ಕೆ, ಭಾನುವಾರದಿಂದ ಗುರುವಾರದವರೆಗೆ ಬರುತ್ತದೆ. ನಮಗೆ ಅದು ಸೋಮವಾರದಿಂದ ಶುಕ್ರವಾರದ ಬೆಳಗ್ಗೆ ಐದೂವರೆ. ಅವರ ಚಳಿಗಾಲದಲ್ಲಿ ಗಡಿಯಾರ ಹಿಂದೆ ಇಟ್ಟುಕೊಳ್ಳುವುದರಿಂದ ಆರೂವರೆ. ಹಾಲಿನವನು ಬರುವ ಹೊತ್ತಿಗೆ ಆ ದಿನದ ಪಟ್ಟಿ ರೆಡಿ. ಅದರಲ್ಲಿ ಮೂರು ಭಾಗ ಇರುತ್ತದೆ: ಹೊಸದಾಗಿ ಬಂದವು, ಬೇರೆ ವಿಭಾಗದಿಂದ ಇಲ್ಲಿಗೂ ಸೇರಿಸಿದವು, ಹಳೇ ಪೇಪರಿನ ತಿದ್ದಿದ ಪ್ರತಿಗಳು. ಎರಡನೆಯದನ್ನು ಬಿಡಬೇಡಿ, ಒಳ್ಳೊಳ್ಳೇ ಪೇಪರ್ ಅಲ್ಲಿ ಅಡಗಿರುತ್ತವೆ.

ಹುಡುಕಲು ಅಡ್ವಾನ್ಸ್ಡ್ ಸರ್ಚ್ ಬಳಸಿ. ಪದವನ್ನು ಶೀರ್ಷಿಕೆಯಲ್ಲಿ ಅಥವಾ ಅಬ್‌ಸ್ಟ್ರಾಕ್ಟ್‌ನಲ್ಲಿ (ಪೇಪರಿನ ಮೊದಲಿಗಿರುವ ಸಾರಾಂಶ) ಮಾತ್ರ ಹುಡುಕು ಅಂತ ಹೇಳಬಹುದು. ಎರಡು ಮೂರು ಪದ ಒಟ್ಟಿಗೇ ಬರಬೇಕಿದ್ದರೆ ಉದ್ಧರಣ ಚಿಹ್ನೆ ಹಾಕಿ. ತಾರೀಕಿನ ಮಿತಿ ಕೊಡಿ, ಹೊಸದು ಮೊದಲು ಬರುವಂತೆ ಜೋಡಿಸಿ. ಟೋಕನೈಜರ್ ಮತ್ತು ಲ್ಯಾಂಗ್ವೇಜಸ್ ಎಂಬ ಎರಡು ಪದ, 2023ರ ಮಿತಿ ಹಾಕಿದಾಗ ನಮಗೆ ಸಿಕ್ಕಿದ ಪೇಪರಿನ ನಂಬರ್ 2305.15425. ಈ ನಂಬರನ್ನು ಓದಲು ಕಲಿಯಿರಿ. ಮೊದಲೆರಡು ಅಂಕಿ ವರ್ಷ, ಮುಂದಿನೆರಡು ತಿಂಗಳು, ಚುಕ್ಕೆ ಆದ ಮೇಲಿನದು ಆ ತಿಂಗಳ ಸರದಿ ಸಂಖ್ಯೆ. ಅಂದರೆ 2023ರ ಮೇ ತಿಂಗಳಿನದು. ಯಾರಾದರೂ ವಾಟ್ಸಾಪ್‌ನಲ್ಲಿ "ಈಗಷ್ಟೇ ಬಂದ ಸಂಶೋಧನೆ" ಅಂತ ಕಳಿಸಿದರೆ ನಂಬರ್ ನೋಡಿದ ಕೂಡಲೇ ವಯಸ್ಸು ಗೊತ್ತಾಗುತ್ತದೆ.

ಆ ಪೇಪರ್ ಹೇಳಿದ್ದು: ಒಂದೇ ವಾಕ್ಯವನ್ನು ಬೇರೆ ಬೇರೆ ಭಾಷೆಗೆ ಅನುವಾದಿಸಿ ಟೋಕನ್ ಎಣಿಸಿದರೆ ಭಾಷೆ ಭಾಷೆಯ ನಡುವೆ ಕೆಲವು ಕಡೆ 15 ಪಟ್ಟುವರೆಗೂ ಅಂತರ ಬರುತ್ತದೆ. ಅವರು ಎಣಿಸಲು ಬಳಸಿದ ಫ್ಲೋರೆಸ್-200 ವಾಕ್ಯಸಂಗ್ರಹದಲ್ಲಿ ಕನ್ನಡವೂ ಇದೆ. ಅದೇ ತಿಂಗಳ ಇನ್ನೊಂದು, 2305.13707, ಚಾಟ್‌ಜಿಪಿಟಿ ಮಾಡಿದ ಓಪನ್‌ಎಐ ಕಂಪನಿಯ ಎಪಿಐಯ (ಪ್ರೋಗ್ರಾಂ ಮೂಲಕ ಮಾದರಿ ಬಳಸುವ ದಾರಿ) ಖರ್ಚನ್ನು 22 ಭಾಷೆಗಳಲ್ಲಿ ಲೆಕ್ಕ ಹಾಕಿತ್ತು. ಹುಡುಗಿ ಪರದೆ ನೋಡಿ "ಇದು ನನ್ನ ಪ್ರಶ್ನೇನೇ ಸರ್" ಅಂದಳು. ಸ್ವಲ್ಪ ಬೇಜಾರೂ ಆಗಿತ್ತು ಅವಳಿಗೆ. ಅದರ ಕತೆ ಮುಂದೆ ಹೇಳುತ್ತೇನೆ.

ಒಂದು ಎಚ್ಚರ. ಆರ್ಕೈವ್‌ನಲ್ಲಿ ಇದೆ ಅಂದರೆ ಯಾರೋ ಸರಿ ಅಂದಿದ್ದಾರೆ ಅಂತ ಅರ್ಥ ಅಲ್ಲ. ಅಲ್ಲಿನ ಮಾಡರೇಟರ್‌ಗಳು ನೋಡುವುದು ಇದು ಸಂಶೋಧನೆಯ ರೂಪದಲ್ಲಿದೆಯಾ, ಸರಿಯಾದ ವಿಭಾಗಕ್ಕೆ ಬಂದಿದೆಯಾ ಅಂತ ಅಷ್ಟೇ. ಇನ್ನೊಂದು: 2025ರ ಅಕ್ಟೋಬರ್ ಕೊನೆಯಿಂದ ಕಂಪ್ಯೂಟರ್ ಸೈನ್ಸ್ ವಿಭಾಗಕ್ಕೆ ಸಮೀಕ್ಷಾ ಪೇಪರ್ ಹಾಕಬೇಕಿದ್ದರೆ ಅದು ಮೊದಲೇ ಬೇರೆ ಕಡೆ ಪೀರ್ ರಿವ್ಯೂ ಆಗಿರಬೇಕು ಅಂತ ನಿಯಮ ಬಂದಿದೆ. ಹಾಗಾಗಿ ತೀರಾ ಹೊಸ ಸಮೀಕ್ಷೆಗಳನ್ನು ಅಲ್ಲಿ ಮೊದಲಿನಷ್ಟು ನಿರೀಕ್ಷಿಸಬೇಡಿ.

ಹೆಜ್ಜೆ 3: ಓಪನ್‌ರಿವ್ಯೂನಲ್ಲಿ ಜಗಳ ಓದಿ

ನನಗೆ ಎಲ್ಲಕ್ಕಿಂತ ಇಷ್ಟವಾದ ಜಾಗ ಇದು. ಮಷಿನ್ ಲರ್ನಿಂಗ್‌ನ ದೊಡ್ಡ ಸಮ್ಮೇಳನವಾದ ಐಸಿಎಲ್‌ಆರ್‌ಗೆ ಬಂದ ಪೇಪರ್‌ಗಳು, ಪರಿಶೀಲಕರು ಕೊಟ್ಟ ಅಂಕ, ಅವರ ಟೀಕೆ, ಲೇಖಕರ ಉತ್ತರ ಎಲ್ಲವೂ ಓಪನ್‌ರಿವ್ಯೂನಲ್ಲಿ ಎಲ್ಲರಿಗೂ ಕಾಣುತ್ತವೆ. ಸಾಮಾನ್ಯವಾಗಿ ಸೆಪ್ಟೆಂಬರ್ ಕೊನೆಗೆ ಪೇಪರ್ ಸಲ್ಲಿಕೆ, ನವೆಂಬರ್‌ನಲ್ಲಿ ಟೀಕೆ, ಜನವರಿಯಲ್ಲಿ ತೀರ್ಮಾನ. ವರ್ಷಕ್ಕೊಮ್ಮೆ ನವೆಂಬರ್‌ನಲ್ಲಿ ಒಂದು ವಾರ ಇಲ್ಲಿ ಕೂತರೆ ಮುಂದಿನ ವರ್ಷ ಯಾವ ವಿಷಯ ಓಡುತ್ತದೆ ಅನ್ನುವ ವಾಸನೆ ಸಿಗುತ್ತದೆ.

ತಿರಸ್ಕಾರವಾದ ಪೇಪರ್‌ಗಳೂ ಇಲ್ಲಿ ಉಳಿದಿರುತ್ತವೆ. ಅವನ್ನು ಓದದೆ ಬಿಡಬೇಡಿ. 2019ರ ಜುಲೈನಲ್ಲಿ ಪ್ರಿಪ್ರಿಂಟ್ ಆಗಿ ಬಂದ ರಾಬರ್ಟಾ ಎಂಬ ಭಾಷಾ ಮಾದರಿಯ ಪೇಪರ್ ಐಸಿಎಲ್‌ಆರ್ 2020ರಲ್ಲಿ ತಿರಸ್ಕಾರವಾಯಿತು. ಆಮೇಲೆ ಅದನ್ನು ಬಳಸದವರೇ ಇಲ್ಲ ಅನ್ನುವಷ್ಟು ಓಡಿತು. ಟೀಕೆ ಓದುವುದರಿಂದ ಇನ್ನೊಂದು ಲಾಭ ಇದೆ. "ನೀವು ಹೋಲಿಸಿದ ಮಾದರಿ ಹಳೇದು", "ಒಂದೇ ಸಲ ಓಡಿಸಿದ ಫಲಿತಾಂಶ ಸಾಲದು" ಅನ್ನುವ ಸಾಲುಗಳನ್ನು ನಾಲ್ಕು ಪೇಪರಿನಲ್ಲಿ ಓದಿದರೆ ಐದನೇ ಪೇಪರನ್ನು ನೀವೇ ಹಾಗೆ ಕೇಳಲು ಶುರು ಮಾಡುತ್ತೀರಿ.

ಇನ್ನೂ ಹಸಿಯಾದದ್ದು ಬೇಕಿದ್ದರೆ ದೊಡ್ಡ ಸಮ್ಮೇಳನಗಳ ವರ್ಕ್‌ಶಾಪ್ ನೋಡಿ. ನ್ಯೂರಿಪ್ಸ್‌ನ ವರ್ಕ್‌ಶಾಪ್‌ಗಳು ಡಿಸೆಂಬರ್‌ನಲ್ಲಿ ನಡೆಯುತ್ತವೆ. ಪೇಪರ್ ಚಿಕ್ಕವು, ಎಷ್ಟೋ ಸಲ ಅರ್ಧ ಮುಗಿದ ಕೆಲಸ. ಅವು ಹುಡುಕಾಟದಲ್ಲಿ ಸುಲಭವಾಗಿ ಸಿಗುವುದಿಲ್ಲ. ವರ್ಕ್‌ಶಾಪ್‌ನ ಹೆಸರು ಹಿಡಿದು ಅದರ ಪುಟಕ್ಕೇ ಹೋಗಬೇಕು.

ಹೆಜ್ಜೆ 4: ಕಂಪ್ಯೂಟರ್ ವಿಭಾಗದ ಆಚೆ

ಪ್ರಶ್ನೆ ಕೆಲಸ, ಕಾನೂನು, ವ್ಯಾಪಾರದ್ದಾದರೆ ಎಸ್‌ಎಸ್‌ಆರ್‌ಎನ್ ಎಂಬ ಪ್ರಿಪ್ರಿಂಟ್ ತಾಣ. ಅರ್ಥಶಾಸ್ತ್ರ ಆದರೆ ಅಮೆರಿಕದ ಎನ್‌ಬಿಇಆರ್ ಎಂಬ ಸಂಶೋಧನಾ ಸಂಸ್ಥೆಯ ವರ್ಕಿಂಗ್ ಪೇಪರ್‌ಗಳು. ವೈದ್ಯಕೀಯ ಆದರೆ 2019ರಲ್ಲಿ ಶುರುವಾದ ಮೆಡ್‌ಆರ್ಕೈವ್. ಮನಶ್ಶಾಸ್ತ್ರಕ್ಕೆ ಸೈಆರ್ಕೈವ್.

ಇವೆಲ್ಲಕ್ಕಿಂತ ಮೊದಲಿನ ಹಂತವೂ ಒಂದಿದೆ, ಜನ ಅದನ್ನು ಮರೆಯುತ್ತಾರೆ. ಅಮೆರಿಕನ್ ಎಕನಾಮಿಕ್ ಅಸೋಸಿಯೇಷನ್‌ನ ಆರ್‌ಸಿಟಿ (ಜನರನ್ನು ಲಾಟರಿ ಎತ್ತಿದಂತೆ ಗುಂಪು ಮಾಡಿ ಹೋಲಿಸುವ ಪ್ರಯೋಗ) ರಿಜಿಸ್ಟ್ರಿಯಲ್ಲಿ ಸಂಶೋಧಕರು ಪ್ರಯೋಗ ಮಾಡುವ ಮೊದಲೇ ತಾವು ಏನು ಅಳೆಯುತ್ತೇವೆ ಅಂತ ಬರೆದಿಡುತ್ತಾರೆ. ಡೇಟಾ ಇನ್ನೂ ಹುಟ್ಟಿರುವುದೇ ಇಲ್ಲ! ನಮ್ಮ ದೇಶದ್ದು ಬೇಕಿದ್ದರೆ ಇನ್‌ಫ್ಲಿಬ್‌ನೆಟ್ ನಡೆಸುವ ಶೋಧಗಂಗೋತ್ರಿ ನೋಡಿ. ಪಿಎಚ್‌ಡಿಗೆ ನೋಂದಾಯಿಸಿದವರ ಸಿನಾಪ್ಸಿಸ್, ಅಂದರೆ ಸಂಶೋಧನೆಯ ಯೋಜನೆ, ಅಲ್ಲಿರುತ್ತದೆ. ಮುಗಿದ ಪ್ರಬಂಧಗಳು ಶೋಧಗಂಗಾದಲ್ಲಿ, ನಡೆಯುತ್ತಿರುವ ಕೆಲಸ ಶೋಧಗಂಗೋತ್ರಿಯಲ್ಲಿ. ಹೆಸರಿಟ್ಟವರ ಜಾಣತನ ಮೆಚ್ಚಬೇಕು.

ಹೆಜ್ಜೆ 5: ನಮ್ಮ ಭಾಷೆಯ ಕಪಾಟು

ಕನ್ನಡ ಕುರಿತು ಹುಡುಕುವವರು "ಕನ್ನಡ" ಅಂತ ಹುಡುಕಿದರೆ ಅರ್ಧ ಪೇಪರ್ ತಪ್ಪಿಹೋಗುತ್ತದೆ. ಶೀರ್ಷಿಕೆಯಲ್ಲಿ ಇಂಡಿಕ್, ದ್ರಾವಿಡಿಯನ್, ಮಲ್ಟಿಲಿಂಗ್ವಲ್ ಅಂತಿರುತ್ತದೆ, ಕನ್ನಡ ಒಳಗಿನ ಕೋಷ್ಟಕದಲ್ಲಿ ಒಂದು ಸಾಲು. ಮದ್ರಾಸ್ ಐಐಟಿಯ ಎಐ4ಭಾರತ್ ತಂಡದ ಪೇಪರ್‌ಗಳಿಂದ ಶುರು ಮಾಡಿ. ಅವರ ಅನುವಾದ ಮಾದರಿ ಇಂಡಿಕ್‌ಟ್ರಾನ್ಸ್2 ಬಂದದ್ದು 2023ರಲ್ಲಿ, ಅದು, ಸಂವಿಧಾನದ ಎಂಟನೇ ಪರಿಚ್ಛೇದದ 22 ಭಾಷೆಗಳನ್ನೂ ಮುಟ್ಟುತ್ತದೆ. ಬೆಂಗಳೂರಿನ ಮೈಕ್ರೋಸಾಫ್ಟ್ ರಿಸರ್ಚ್ ಇಂಡಿಯಾದವರು ಬೇರೆಯವರ ಜೊತೆ ಸೇರಿ 2023ರ ಮಾರ್ಚ್‌ನಲ್ಲಿ ಹಾಕಿದ ಮೆಗಾ ಎಂಬ ಪೇಪರ್ 70 ಭಾಷೆಗಳಲ್ಲಿ ಮಾದರಿಗಳನ್ನು ಪರೀಕ್ಷಿಸಿತ್ತು. ಭಾರತದ ಭಾಷೆಗಳಲ್ಲಿ ಮಾದರಿಗಳನ್ನು ಪರೀಕ್ಷಿಸುವ 2024ರ ಇಂಡಿಕ್‌ಜೆನ್‌ಬೆಂಚ್ ಗೂಗಲ್‌ನವರದು, 29 ಭಾಷೆ. ಭಾಷಾ ತಂತ್ರಜ್ಞಾನದ ಸಮ್ಮೇಳನ ಪೇಪರ್‌ಗಳೆಲ್ಲ ಎಸಿಎಲ್ ಆಂಥಾಲಜಿಯಲ್ಲಿ ಪುಕ್ಕಟೆ ಸಿಗುತ್ತವೆ. ದ್ರಾವಿಡಿಯನ್‌ಲ್ಯಾಂಗ್‌ಟೆಕ್ ವರ್ಕ್‌ಶಾಪ್‌ನ ಸಂಪುಟಗಳೂ ಅಲ್ಲೇ.

ಹೆಜ್ಜೆ 6: ಒಂದು ಸಿಕ್ಕರೆ ಅದರ ಬಾಲ ಹಿಡಿಯಿರಿ

ಒಂದು ಒಳ್ಳೇ ಪೇಪರ್ ಸಿಕ್ಕ ಮೇಲೆ ಹುಡುಕುವುದನ್ನು ನಿಲ್ಲಿಸಿ, ಅದರ ಹಿಂದೆ ಮುಂದೆ ಓಡಾಡಿ. ಹಿಂದೆ ಅಂದರೆ ಅದರ ಆಧಾರಸೂಚಿ. ಮುಂದೆ ಅಂದರೆ ಅದನ್ನು ಉಲ್ಲೇಖಿಸಿದ ಹೊಸ ಪೇಪರ್‌ಗಳು. ಗೂಗಲ್ ಸ್ಕಾಲರ್‌ನಲ್ಲಿ "ಸೈಟೆಡ್ ಬೈ" ಒತ್ತಿ, ತಾರೀಕಿನ ಪ್ರಕಾರ ಜೋಡಿಸಿ. ಸೆಮ್ಯಾಂಟಿಕ್ ಸ್ಕಾಲರ್ ಇದನ್ನು ಇನ್ನೂ ಅಚ್ಚುಕಟ್ಟಾಗಿ ತೋರಿಸುತ್ತದೆ. ಕನೆಕ್ಟೆಡ್ ಪೇಪರ್ಸ್ ಬಲೆಯಂಥ ಚಿತ್ರ ಬರೆದು ಕೊಡುತ್ತದೆ. ಹಳೇ ಮಾರ್ಗದರ್ಶಿಗಳಲ್ಲಿ ಪೇಪರ್ಸ್ ವಿತ್ ಕೋಡ್ ಅಂತ ಒಂದು ತಾಣದ ಹೆಸರು ಬರುತ್ತದೆ, ಅದು 2025ರ ಜುಲೈನಲ್ಲಿ ಮುಚ್ಚಿತು. ಎಐ ಮಾದರಿಗಳನ್ನು ಹಂಚಿಕೊಳ್ಳುವ ತಾಣವಾದ ಹಗ್ಗಿಂಗ್ ಫೇಸ್‌ನ ದಿನದ ಪೇಪರ್ ಪಟ್ಟಿ ಈಗ ಜನ ಜಾಸ್ತಿ ನೋಡುವ ಕಡೆ. ಆದರೆ ಅಲ್ಲಿ ಮತ ಬಿದ್ದದ್ದು ಮೇಲೆ ಬರುತ್ತದೆ.

ಮತ ಬೀಳದ್ದು? ಚಿತ್ರ ಬರೆಯುವ ಡಿಫ್ಯೂಷನ್ ವಿಧಾನದ ಮೂಲ ಪೇಪರ್ 2015ರ ಮಾರ್ಚ್‌ನದು. ಐದು ವರ್ಷ ಅದರ ಕಡೆ ಹೆಚ್ಚು ಜನ ತಿರುಗಲಿಲ್ಲ. 2020ರ ಜೂನ್‌ನಲ್ಲಿ ಬರ್ಕ್ಲಿಯ ತಂಡ ಅದನ್ನು ಎತ್ತಿಕೊಂಡಿತು. 2022ರ ಆಗಸ್ಟ್‌ನಲ್ಲಿ ಅದೇ ವಿಧಾನದಲ್ಲಿ ಚಿತ್ರ ಬರೆಯುವ ಸ್ಟೇಬಲ್ ಡಿಫ್ಯೂಷನ್ ಜನರ ಕೈಗೆ ಬಂತು. ಜನಪ್ರಿಯ ಪಟ್ಟಿ ಒಂದನ್ನೇ ನಂಬಿ ಕೂತಿದ್ದರೆ 2015ರಲ್ಲಿ ಅದು ನಿಮ್ಮ ಕಣ್ಣಿಗೆ ಬೀಳುತ್ತಿತ್ತಾ?

ಹೆಜ್ಜೆ 7: ನಂಬುವ ಮೊದಲು ಹತ್ತು ನಿಮಿಷ

ಪಿಡಿಎಫ್ ತೆರೆಯುವ ಮೊದಲು ಅಬ್‌ಸ್ಟ್ರಾಕ್ಟ್ ಪುಟದ ಕೆಳಗೆ ನೋಡಿ. "ಕಾಮೆಂಟ್ಸ್" ಎಂಬ ಸಾಲಿನಲ್ಲಿ ಯಾವ ಸಮ್ಮೇಳನಕ್ಕೆ ಆಯ್ಕೆಯಾಯಿತು, ಅಥವಾ ಕೆಲಸ ಇನ್ನೂ ನಡೆಯುತ್ತಿದೆ ಅಂತ ಬರೆದಿರುತ್ತಾರೆ. ಅದರ ಕೆಳಗೆ ಆವೃತ್ತಿಗಳ ಇತಿಹಾಸ: ವಿ1, ವಿ2, ತಾರೀಕು ಸಮೇತ. ಮೊದಲ ಆವೃತ್ತಿಗೂ ಕೊನೆಯದಕ್ಕೂ ಅಂಕಿ ಬದಲಾಗಿದೆಯಾ ಹೋಲಿಸಿ. ಗ್ರಾಹಕ ಸೇವೆಯ ಕೆಲಸಗಾರರ ಮೇಲೆ ಜೆನರೇಟಿವ್ ಎಐ ಪರಿಣಾಮ ಅಳೆದ ಪ್ರಸಿದ್ಧ ಪೇಪರ್ 2023ರ ಏಪ್ರಿಲ್‌ನಲ್ಲಿ ಎನ್‌ಬಿಇಆರ್‌ನಲ್ಲಿ ಬಂದಾಗ ಉತ್ಪಾದಕತೆ ಸರಾಸರಿ ಶೇ 14 ಹೆಚ್ಚಿದೆ ಅಂದಿತ್ತು. 2025ರಲ್ಲಿ ಜರ್ನಲ್‌ನಲ್ಲಿ ಅಚ್ಚಾದಾಗ ಅದು ಶೇ 15 ಆಗಿತ್ತು. ಚಿಕ್ಕ ಬದಲಾವಣೆ, ಸಹಜವಾದದ್ದು. ಆದರೆ ನೀವು ಯಾವ ಆವೃತ್ತಿಯ ಅಂಕಿ ಬರೆಯುತ್ತಿದ್ದೀರಿ ಅನ್ನುವುದು ನಿಮಗೆ ಗೊತ್ತಿರಬೇಕು.

ಎಲ್ಲ ಸಲವೂ ಇಷ್ಟು ಸುಲಭ ಅಲ್ಲ. 2024ರ ಕೊನೆಯಲ್ಲಿ ಎಂಐಟಿಯ ವಿದ್ಯಾರ್ಥಿಯೊಬ್ಬ ಹಾಕಿದ ಪ್ರಿಪ್ರಿಂಟ್ ದೊಡ್ಡ ಸದ್ದು ಮಾಡಿತು. ಎಐ ಸಹಾಯ ಪಡೆದ ವಿಜ್ಞಾನಿಗಳು ಶೇ 44ರಷ್ಟು ಹೆಚ್ಚು ಹೊಸ ವಸ್ತುಗಳನ್ನು ಕಂಡುಹಿಡಿದರು ಅಂತ ಅದರ ಮಾತು. ದೊಡ್ಡ ಅರ್ಥಶಾಸ್ತ್ರಜ್ಞರೇ ಹೊಗಳಿದರು. 2025ರ ಮೇ ತಿಂಗಳಲ್ಲಿ ಎಂಐಟಿಯೇ ಆ ಡೇಟಾದ ಮೇಲೆ ತನಗೆ ವಿಶ್ವಾಸ ಇಲ್ಲ ಅಂತ ಹೇಳಿ, ಆರ್ಕೈವ್‌ನಿಂದ ಪೇಪರ್ ವಾಪಸ್ ತೆಗೆಯಲು ಕೇಳಿತು. ಆ ಐದಾರು ತಿಂಗಳಲ್ಲಿ ಆ ಶೇ 44 ಎಷ್ಟು ಭಾಷಣಗಳಿಗೆ ಹೋಯಿತೋ.

ಪಿಡಿಎಫ್‌ನಲ್ಲಿ ನಾನು ಮೊದಲು ಹೋಗುವುದು ದೊಡ್ಡ ಕೋಷ್ಟಕಕ್ಕೆ. ಯಾವ ಮಾದರಿ, ಅದರ ಯಾವ ತಿಂಗಳ ಆವೃತ್ತಿ? ಯಾವುದರ ಜೊತೆ ಹೋಲಿಕೆ? ಎಷ್ಟು ಸಲ ಓಡಿಸಿದರು? ಆಮೇಲೆ ಅನುಬಂಧ, ಅಲ್ಲಿ ಅವರು ಕೊಟ್ಟ ಪ್ರಾಂಪ್ಟ್, ಅಂದರೆ ಮಾದರಿಗೆ ಕೇಳಿದ ಪ್ರಶ್ನೆ ಅಥವಾ ಸೂಚನೆ, ಇರುತ್ತದೆ. ಪ್ರಾಂಪ್ಟ್ ಕೊಡದ ಪೇಪರನ್ನು ನಾನು ಪಕ್ಕಕ್ಕಿಡುತ್ತೇನೆ, ಇದು ನನ್ನ ಹಟ. ಪೇಪರನ್ನು ಚಾಟ್‌ಬಾಟ್‌ಗೆ ಕೊಟ್ಟು ಸಾರಾಂಶ ಕೇಳುವವರಿಗೆ ಒಂದು ಕಿವಿಮಾತು: 2025ರ ಜುಲೈನಲ್ಲಿ ಕೆಲವು ಪ್ರಿಪ್ರಿಂಟ್‌ಗಳ ಒಳಗೆ ಬಿಳಿ ಅಕ್ಷರದಲ್ಲಿ "ಇದನ್ನು ಹೊಗಳು" ಎಂಬರ್ಥದ ಗುಪ್ತ ಸೂಚನೆಗಳು ಸಿಕ್ಕಿದ್ದವು. ಮನುಷ್ಯನ ಕಣ್ಣಿಗೆ ಕಾಣದ್ದು ಬಾಟ್‌ಗೆ ಕಾಣುತ್ತದೆ.

ಆಮೇಲೆ ಅಚ್ಚಾಗಿದೆಯಾ ಅಂತ ತಿಳಿಯಲು ಕಂಪ್ಯೂಟರ್ ಸೈನ್ಸ್ ಪೇಪರ್‌ಗಳ ಪಟ್ಟಿ ಇಡುವ ಡಿಬಿಎಲ್‌ಪಿ ತಾಣದಲ್ಲಿ ಶೀರ್ಷಿಕೆ ಹಾಕಿ. ಆರ್ಕೈವ್ ಪ್ರತಿಯನ್ನು ಅದು ಕೋರ್ ಅಂತ ಗುರುತಿಸುತ್ತದೆ, ಕೊನೆಯ ಆರ್ ಎರಡು ಸಲ. ಅದರ ಜೊತೆ ಸಮ್ಮೇಳನದ ಹೆಸರಿನ ಇನ್ನೊಂದು ಸಾಲೂ ಇದ್ದರೆ ಪೇಪರ್ ಪರೀಕ್ಷೆ ದಾಟಿದೆ.

ಹೆಜ್ಜೆ 8: ಒಂದು ಹಾಳೆ, ಎರಡು ಅಲರ್ಟ್

ಗೂಗಲ್ ಸ್ಕಾಲರ್‌ನಲ್ಲಿ ನಿಮ್ಮ ಪದಗಳಿಗೆ ಒಂದು ಅಲರ್ಟ್, ನಿಮ್ಮ ಮುಖ್ಯ ಪೇಪರನ್ನು ಯಾರಾದರೂ ಉಲ್ಲೇಖಿಸಿದರೆ ತಿಳಿಸು ಅಂತ ಇನ್ನೊಂದು. ಎರಡೇ ಸಾಕು. ಹತ್ತು ಇಟ್ಟರೆ ಒಂದನ್ನೂ ತೆರೆಯುವುದಿಲ್ಲ, ಸುಮ್ನೆ ಇನ್‌ಬಾಕ್ಸ್ ತುಂಬುತ್ತದೆ. ಓದಿದ್ದನ್ನು ಒಂದು ಶೀಟ್‌ನಲ್ಲಿ ಬರೆದಿಡಿ: ನಂಬರ್, ಆವೃತ್ತಿ, ಯಾವ ಹಂತ, ಪರೀಕ್ಷಿಸಿದ ಮಾದರಿ, ಒಂದು ಸಾಲಿನ ಫಲಿತಾಂಶ. ಕೊನೆಯ ಕಾಲಂ "ಇದು ಹೇಳದೇ ಬಿಟ್ಟದ್ದು".

ಆ ಹುಡುಗಿಗೆ ಬೇಜಾರಾಗಿತ್ತು ಅಂದೆನಲ್ಲ. ತನ್ನ ಪ್ರಶ್ನೆಗೆ 2023ರಲ್ಲೇ ಉತ್ತರ ಬಂದುಬಿಟ್ಟಿದೆ, ಇನ್ನೇನು ಮಾಡುವುದು ಅಂತ. ಅವಳನ್ನು ಎಬ್ಬಿಸಿದ್ದು ಆ ಕೊನೆಯ ಕಾಲಂ. 2024ರ ಮೇ ತಿಂಗಳಲ್ಲಿ ಓಪನ್‌ಎಐ ಜಿಪಿಟಿ-4ಒ ಮಾದರಿ ಬಿಡುಗಡೆ ಮಾಡಿದಾಗ ಟೋಕನೈಜರ್ ಬದಲಾಯಿಸಿತು. 20 ಭಾಷೆಗಳ ಉದಾಹರಣೆ ಕೊಟ್ಟು, ತೆಲುಗಿಗೆ 3.5 ಪಟ್ಟು, ತಮಿಳಿಗೆ 3.3 ಪಟ್ಟು ಕಡಿಮೆ ಟೋಕನ್ ಸಾಕು ಅಂದಿತು. ಅಂದರೆ 2023ರ ಅಂಕಿಗಳು ಈ ಮಾದರಿಗೆ ಹೊಂದುವುದಿಲ್ಲ. ಅವಳು ಆ ಪಟ್ಟಿಯನ್ನು ಎರಡು ಸಲ ಬೆರಳಿಟ್ಟು ಓದಿದಳು. ಗುಜರಾತಿ ಇತ್ತು, ಮರಾಠಿ ಇತ್ತು. "ಸರ್, ಕನ್ನಡ ಇಲ್ಲ!" ಅಂದಳು. ಸಂಜೆ ಲ್ಯಾಬ್ ಮುಚ್ಚುವ ಹೊತ್ತಾಗಿತ್ತು. ಫ್ಲೋರೆಸ್‌ನ ಕನ್ನಡ ವಾಕ್ಯಗಳನ್ನು ಡೌನ್‌ಲೋಡ್ ಮಾಡಲು ಹಾಕಿ, ಬೀಗದ ಕೈ ಹಿಡಿದು ಬಾಗಿಲಲ್ಲಿ ನಿಂತಿದ್ದ ಅಟೆಂಡರ್‌ಗೆ "ಐದೇ ನಿಮಿಷ ಅಣ್ಣ" ಅಂತ ಕೈಮುಗಿದಳು.